ಜೀವಕೋಶಗಳ ಬೆಸುಗೆ: ಕರುಳಿನ ಒಳಪದರ ನಮ್ಮನ್ನು ಕಾಯುವ ಬಗೆ



ಉಂಡ ಅನ್ನ ಗಂಟಲಿನಿಂದ ಕೆಳಗಿಳಿದೊಡನೆ ದೇಹದೊಳಕ್ಕೆ ಸೇರಿತೆಂದು ಭಾವಿಸುವುದು ನಮ್ಮೆಲ್ಲರ ರೂಢಿ. ಶರೀರವಿಜ್ಞಾನ ಹಾಗೆ ಹೇಳುವುದಿಲ್ಲ. ಬಾಯಿಯಿಂದ ಗುದದವರೆಗಿನ ಅನ್ನನಾಳ, ಜಠರ, ಕರುಳುಗಳೆಲ್ಲ ಸೇರಿ ಒಂದೇ ಉದ್ದನೆಯ ಕೊಳವೆ. ಅದರ ಎರಡು ತುದಿಗಳೂ ಹೊರಲೋಕಕ್ಕೆ ತೆರೆದುಕೊಂಡಿವೆ. ಬಳೆಯೊಳಗೆ ಕೈ ತೂರಿಸಿದರೆ ಕೈ ಗಾಜಿನೊಳಕ್ಕೆ ಹೋದಂತಾಗುವುದಿಲ್ಲವಷ್ಟೆ. ಹಾಗೆಯೇ ಕರುಳಿನಲ್ಲಿರುವ ಆಹಾರವೂ ನೀರೂ ಅಸಂಖ್ಯ ಸೂಕ್ಷ್ಮಜೀವಿಗಳೂ ಒಂದರ್ಥದಲ್ಲಿ ಇನ್ನೂ ದೇಹದ ಹೊರಗೇ ಇವೆ. ಅಲ್ಲಿ ಒಳಗು ಹೊರಗುಗಳ ನಡುವಣ ಗಡಿಯೆಂದರೆ ಒಂದೇ ಒಂದು ಜೀವಕೋಶದಷ್ಟು ದಪ್ಪನಾದ ಪದರ. ಅದರ ದಪ್ಪ ಒಂದು ಮಿಲಿಮೀಟರಿನಲ್ಲಿ ಸುಮಾರು ನಲವತ್ತನೆಯ ಒಂದು ಪಾಲು.

ಇಷ್ಟು ತೆಳುವಾದ ಪದರ ಹೇಗೆ ನಿಲ್ಲುತ್ತದೆ, ಅದರ ಕೋಶಗಳು ಒಂದನ್ನೊಂದು ಹೇಗೆ ಹಿಡಿದುಕೊಂಡಿರುತ್ತವೆ ಎಂಬುದೇ ಇಂದಿನ ಉಪನ್ಯಾಸದ ವಿಷಯ. ಇದು ಕೇವಲ ಪ್ರಯೋಗಶಾಲೆಯ ಕುತೂಹಲವಲ್ಲ. ಭೇದಿಯಾಗುತ್ತಿರುವ ಮಗುವಿಗೆ ನೀರು ಕುಡಿಸಬೇಕೆ, ಬೇಡವೆ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಇಂದಿಗೂ ಏಳುತ್ತದೆ. ‘ಕುಡಿಸಿದಷ್ಟೂ ಹೋಗುತ್ತದೆ, ಹೊಟ್ಟೆಗೆ ವಿಶ್ರಾಂತಿ ಕೊಡಿ’ ಎನ್ನುವ ಹಿರಿಯರು ಈಗಲೂ ಇದ್ದಾರೆ. ಆ ಪ್ರಶ್ನೆಗೆ ಉತ್ತರ ಈ ಪದರದಲ್ಲಿಯೇ ಇದೆ.

ದೇಹದ ಹೊರಮೈಯನ್ನೂ ಒಳಗಿನ ನಾಳಗಳ, ಚೀಲಗಳ ಒಳಮೈಯನ್ನೂ ಹೊದ್ದಿರುವ ಅಂಗಾಂಶಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ ಅನುಲೇಪಕ ಅಂಗಾಂಶ ಎಂಬ ಹೆಸರಿದೆ. ಚರ್ಮದಲ್ಲಿ ಅದು ಹಲವು ಪದರಗಳಾಗಿರುತ್ತದೆ. ಶ್ವಾಸನಾಳ, ಮೂತ್ರಪಿಂಡದ ನಾಳಿಕೆ, ಬೆವರಿನ ಗ್ರಂಥಿಗಳಲ್ಲಿಯೂ ಅದುಂಟು. ಕರುಳಿನಲ್ಲಿ ಅದು ಒಂದೇ ಸಾಲು. ಹಳೆಯ ಗ್ರಂಥಗಳು ಕರುಳಿನ ಒಳಮೈಯನ್ನು ಬಿಡಿಸಿ ಹಾಸಿದರೆ ಟೆನಿಸ್ ಅಂಗಣದಷ್ಟಾಗುತ್ತದೆ ಎಂದು ಬರೆಯುತ್ತಿದ್ದವು. ನಾನೂ ವಿದ್ಯಾರ್ಥಿಗಳಿಗೆ ಹಾಗೆಯೇ ಹೇಳಿದ್ದುಂಟು. 2014ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಹೊಸದಾಗಿ ಲೆಕ್ಕ ಹಾಕಿ, ಜೀರ್ಣಾಂಗಗಳ ಒಟ್ಟು ಒಳಮೈ ಸುಮಾರು 32 ಚದರ ಮೀಟರ್ ಎಂದು ತೋರಿಸಿದರು. ಚದರಡಿಯಲ್ಲಿ ಇದು 350ಕ್ಕೂ ಸ್ವಲ್ಪ ಕಡಿಮೆ. ಮುಂಬಯಿಯವರಿಗೆ ಒಂದು ಪುಟ್ಟ ಮನೆಯ ಅಳತೆ. ಇಷ್ಟು ಮೈಯ ಮೂಲಕ ದಿನವೊಂದಕ್ಕೆ ಹಾಯ್ದುಹೋಗುವ ನೀರಿನ ಮೊತ್ತವನ್ನು ಗಮನಿಸಬೇಕು. ನಾವು ಕುಡಿದು ಉಂಡದ್ದರಿಂದ ಸುಮಾರು ಎರಡು ಲೀಟರ್, ಜೊಲ್ಲು, ಜಠರರಸ, ಪಿತ್ತ ಮುಂತಾದ ಸ್ರಾವಗಳಿಂದ ಸುಮಾರು ಏಳು ಲೀಟರ್, ಒಟ್ಟು ಒಂಬತ್ತು ಲೀಟರ್ ನೀರು ಕರುಳಿಗೆ ಬರುತ್ತದೆ. ಮಲದೊಂದಿಗೆ ಹೊರಹೋಗುವುದು 100ರಿಂದ 200 ಮಿಲಿಲೀಟರ್ ಮಾತ್ರ. ಉಳಿದುದೆಲ್ಲ ಈ ಪದರವನ್ನು ದಾಟಿ ರಕ್ತಕ್ಕೆ ಮರಳುತ್ತದೆ.

ಅಂದಮೇಲೆ ಈ ಪದರದ ಕೆಲಸ ಎರಡು ಬಗೆಯದು. ರೋಗಾಣುಗಳನ್ನೂ ವಿಷವನ್ನೂ ಅದು ತಡೆಯಬೇಕು. ನೀರು, ಲವಣ, ಸಕ್ಕರೆಗಳನ್ನು ಒಳಕ್ಕೆ ಬಿಟ್ಟುಕೊಳ್ಳಬೇಕು. ನಮ್ಮ ನಾಡಿನ ಕೆರೆಗಳನ್ನು ಕಂಡವರಿಗೆ ಇದು ಹೊಸ ಮಾತಲ್ಲ. ಏರಿ ಭದ್ರವಾಗಿರಬೇಕು, ತೂಬು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಬೇಕು. ಕೆರೆ ಬರಿದಾದಾಗ ಏರಿ ಒಡೆಯಿತೋ, ತೂಬು ತೆರೆದೇ ಉಳಿಯಿತೋ ಎಂಬುದನ್ನು ಮೊದಲು ತಿಳಿಯಬೇಕು. ಎರಡಕ್ಕೂ ಪರಿಹಾರ ಒಂದೇ ಅಲ್ಲ. ಈ ಹೋಲಿಕೆಯನ್ನು ನೆನಪಿನಲ್ಲಿಟ್ಟುಕೊಳ್ಳಿರೆಂದು ಕೋರುತ್ತೇನೆ. ಮುಂದೆ ವಾಂತಿಭೇದಿಯ ಮಾತು ಬಂದಾಗ ಇದು ಬೇಕಾಗುತ್ತದೆ.

ಮೊದಲು ಏರಿಯ ವಿಚಾರ. ಅಕ್ಕಪಕ್ಕದ ಎರಡು ಕೋಶಗಳ ನಡುವೆ ಒಂದು ಸಂದು ಇದ್ದೇ ಇರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದವರಿಗೆ ಕೋಶಗಳ ಮೇಲ್ತುದಿಯಲ್ಲಿ, ಅವು ಪರಸ್ಪರ ತಾಗುವ ಕಡೆ, ಒಂದು ಕಪ್ಪು ಚುಕ್ಕೆ ಅಥವಾ ಗೆರೆ ಕಾಣುತ್ತಿತ್ತು. ಇಟ್ಟಿಗೆಗಳ ನಡುವಣ ಗಾರೆಯಂತೆ ಅದೊಂದು ಅಂಟುವಸ್ತುವೆಂದು ಅವರು ತಿಳಿದರು. ಗಾರೆಯ ಈ ಕಲ್ಪನೆ ಬಹುಕಾಲ ಉಳಿಯಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ಅದು ಕಳಚಿತು. 1963ರಲ್ಲಿ ಅಮೆರಿಕದ ಮೆರಿಲಿನ್ ಫರ್ಕ್ವಾರ್ ಮತ್ತು ಜಾರ್ಜ್ ಪಲಾಡೆ ಎಂಬ ವಿಜ್ಞಾನಿಗಳು ಹಲವು ಅಂಗಗಳ ಅನುಲೇಪಕ ಅಂಗಾಂಶವನ್ನು ಪರೀಕ್ಷಿಸಿ, ಆ ಒಂದು ಕಪ್ಪು ಗೆರೆಯಲ್ಲಿ ಮೂರು ಬಗೆಯ ಸಂಧಿಗಳು ಮೇಲಿನಿಂದ ಕೆಳಕ್ಕೆ ಒಂದೇ ಕ್ರಮದಲ್ಲಿ ಇರುವುದನ್ನು ತೋರಿಸಿದರು. ಪಲಾಡೆಯವರಿಗೆ ಕೋಶರಚನೆಯ ಸಂಶೋಧನೆಗಾಗಿ 1974ರಲ್ಲಿ ನೊಬೆಲ್ ಬಹುಮಾನ ಬಂತು.

ಮೂರರಲ್ಲಿ ಎಲ್ಲಕ್ಕಿಂತ ಮೇಲಿನದು, ಎಂದರೆ ಆಹಾರದ ಕಡೆಗೆ ಇರುವುದು, ಬಿಗಿ ಸಂಧಿ. ಇಲ್ಲಿ ಎರಡು ಕೋಶಗಳ ಪೊರೆಗಳ ನಡುವೆ ಸಂದು ಮಾಯವಾಗಿ ಪೊರೆಗಳು ಒಂದಕ್ಕೊಂದು ಹತ್ತಿಕೊಂಡಂತೆ ಕಾಣುತ್ತವೆ. ಸೊಂಟಕ್ಕೆ ಕಟ್ಟಿದ ಉಡಿದಾರದ ಹಾಗೆ ಇದು ಕೋಶವನ್ನು ಪೂರ್ತಿ ಬಳಸಿಕೊಂಡಿರುತ್ತದೆ. ಕೋಶಗಳ ನಡುವೆ ನುಸುಳಲು ಬಂದ ಪ್ರೋಟೀನು ಈ ಜಾಗಕ್ಕೆ ಬಂದು ನಿಂತುಬಿಡುತ್ತದೆಂಬುದೂ ಕಂಡುಬಂತು. ಅದರ ಕೆಳಗಿನದು ಆಸಂಜನ ಸಂಧಿ. ಇಲ್ಲಿ ಸಂದು ಉಳಿದಿರುತ್ತದೆ. ಆದರೆ ಎರಡು ಬದಿಯ ಕೋಶಗಳಿಂದಲೂ ಹೊರಚಾಚಿದ ಪ್ರೋಟೀನುಗಳು ನಡುವೆ ಕೈ ಕೈ ಹಿಡಿದಿರುತ್ತವೆ, ಒಳಗಡೆ ಅವು ಕೋಶದ ಸೂಕ್ಷ್ಮ ತಂತುಗಳಿಗೆ ಕಟ್ಟಿಕೊಂಡಿರುತ್ತವೆ. ಮೂರನೆಯದು ಡೆಸ್ಮೋಸೋಮು. ಇದು ಪಟ್ಟಿಯಾಗಿರದೆ ಅಲ್ಲಲ್ಲಿ ಹಾಕಿದ ಗುಂಡಿಯಂತಿರುತ್ತದೆ. ಎಳೆತ ಸೆಳೆತಗಳನ್ನು ತಡೆಯುವುದು ಇದರ ಕೆಲಸ. ಆದ್ದರಿಂದಲೇ ಚರ್ಮದಲ್ಲಿಯೂ ಹೃದಯದ ಸ್ನಾಯುವಿನಲ್ಲಿಯೂ ಇವು ಹೇರಳ. ದೇಹದ ರಕ್ಷಣಾವ್ಯವಸ್ಥೆಯೇ ತಪ್ಪಿ ಈ ಗುಂಡಿಗಳ ಪ್ರೋಟೀನಿನ ಮೇಲೆ ಬಿದ್ದಾಗ ಪೆಂಫಿಗಸ್ ಎಂಬ ರೋಗ ತಲೆದೋರಿ, ಮೈಮೇಲೆ, ಬಾಯಲ್ಲಿ ನೀರುಗುಳ್ಳೆಗಳೆದ್ದು ಚರ್ಮ ಸುಲಿಯುತ್ತದೆ. ಗುಂಡಿ ಕಿತ್ತರೆ ಅಂಗಿ ಬಿಚ್ಚಿಕೊಳ್ಳುವಂತೆಯೇ.

ಕೋಶಗಳು ಕೈಹಿಡಿಯುವ ಪ್ರೋಟೀನನ್ನು ಕಂಡುಹಿಡಿದ ಕತೆ ಸ್ವಾರಸ್ಯವಾದುದು. ಜಪಾನಿನ ಮಾಸತೋಶಿ ತಾಕೇಯಿಚಿ ಎಂಬವರು ಕ್ಯೋಟೋದಲ್ಲಿ ಬೇರ್ಪಡಿಸಿದ ಕೋಶಗಳು ಮತ್ತೆ ಒಂದಕ್ಕೊಂದು ಅಂಟಿಕೊಳ್ಳುವುದನ್ನು ನೋಡುತ್ತಿದ್ದರು. 1970ರ ದಶಕದಲ್ಲಿ ಅವರು ಅಮೆರಿಕದ ಬಾಲ್ಟಿಮೋರಿಗೆ ಹೋಗಿ ಅದೇ ಪ್ರಯೋಗ ಮಾಡಿದಾಗ ಕೋಶಗಳು ಅಂಟಿಕೊಳ್ಳಲೊಲ್ಲವು. ಕೈಚಳಕವೇ ಹೋಯಿತೇನೋ ಎನ್ನುವಂಥ ಪರಿಸ್ಥಿತಿ. ವಿಚಾರಿಸಿ ನೋಡಿದರೆ, ಕೋಶಗಳನ್ನು ಬಿಡಿಸಲು ಅಲ್ಲಿ ಬಳಸುತ್ತಿದ್ದ ದ್ರಾವಣದಲ್ಲಿ ಕ್ಯಾಲ್ಸಿಯಂ ಅನ್ನು ಹಿಡಿದುಬಿಡುವ ರಾಸಾಯನಿಕವೊಂದು ಬೆರೆತಿತ್ತು. ಕ್ಯಾಲ್ಸಿಯಂ ಇದ್ದಾಗ ಗಟ್ಟಿಯಾಗಿರುವ, ಅದಿಲ್ಲದಾಗ ಕಿಣ್ವಕ್ಕೆ ಸಿಕ್ಕಿ ತುಂಡಾಗುವ ಪ್ರೋಟೀನೊಂದು ಕೋಶದ ಮೈಮೇಲಿದೆ ಎಂಬ ಸುಳಿವು ಹೀಗೆ ದೊರಕಿತು. ಮುಂದೆ ಅವರು ಅದಕ್ಕೆ ಕ್ಯಾಡ್ಹೆರಿನ್ ಎಂದು ಹೆಸರಿಟ್ಟರು. ಈ ಪ್ರೋಟೀನನ್ನು ಕಳೆದುಕೊಂಡ ಕೋಶ ನೆರೆಯವರ ಹಿಡಿತದಿಂದ ಬಿಡಿಸಿಕೊಂಡು ಅಲೆಯತೊಡಗುತ್ತದೆ. ಕೆಲವು ಬಗೆಯ ಜಠರದ ಕ್ಯಾನ್ಸರು ಮನೆತನದಲ್ಲಿ ಹರಿದುಬರುವುದು ಇದರ ಜೀನಿನ ದೋಷದಿಂದಲೇ.

ಬಿಗಿ ಸಂಧಿಯ ಪ್ರೋಟೀನು ಸುಲಭವಾಗಿ ಸಿಕ್ಕಲಿಲ್ಲ. ಶೋಇಚಿರೋ ತ್ಸುಕಿತಾ ಮತ್ತು ಮಿಕಿಯೋ ಫುರುಸೆ ಅವರ ತಂಡಕ್ಕೆ 1993ರಲ್ಲಿ ಕೋಳಿಯ ಅಂಗಾಂಶದಿಂದ ಒಂದು ಪ್ರೋಟೀನು ಸಿಕ್ಕಿತು. ಅದನ್ನು ಆಕ್ಲುಡಿನ್ ಎಂದು ಕರೆದರು. ಸಮಸ್ಯೆ ಬಗೆಹರಿಯಿತೆಂದೇ ಎಲ್ಲರೂ ತಿಳಿದಿದ್ದರು. ಆದರೆ 1998ರಲ್ಲಿ ಅದೇ ತಂಡ ಆಕ್ಲುಡಿನ್ ಇಲ್ಲದ ಕೋಶಗಳನ್ನು ಬೆಳೆಸಿ ನೋಡಿದಾಗ ಬಿಗಿ ಸಂಧಿಗಳು ಯಥಾಪ್ರಕಾರ ಇದ್ದವು! ತಾವೇ ಕಂಡುಹಿಡಿದುದು ಮುಖ್ಯ ವಸ್ತುವಲ್ಲವೆಂದು ತಾವೇ ತೋರಿಸಿಕೊಟ್ಟ ಈ ಪ್ರಾಮಾಣಿಕತೆಗೆ ಫಲವೂ ಬೇಗ ದೊರೆಯಿತು. ಅದೇ ವರ್ಷ ಅವರು ಇನ್ನೂ ಚಿಕ್ಕದಾದ ಬೇರೆ ಪ್ರೋಟೀನುಗಳನ್ನು ಕಂಡರು. ಮುಚ್ಚು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಅವುಗಳಿಗೆ ಕ್ಲಾಡಿನ್ ಎಂದು ಹೆಸರಾಯಿತು. ಬಿಗಿ ಸಂಧಿಯೇ ಇಲ್ಲದ ಕೋಶಗಳಿಗೆ ಕ್ಲಾಡಿನನ್ನು ಸೇರಿಸಿದರೆ ಅಲ್ಲಿ ಹೆಣೆದ ಹಗ್ಗದಂಥ ಎಳೆಗಳು ಮೂಡಿದವು. ಈ ಎಳೆಗಳ ಬಲೆಯೇ ಬಿಗಿ ಸಂಧಿ. 2002ರಲ್ಲಿ ಒಂದನೆಯ ಸಂಖ್ಯೆಯ ಕ್ಲಾಡಿನ್ ಇಲ್ಲದ ಇಲಿಮರಿಗಳು ಹುಟ್ಟಿದ ಒಂದು ದಿನದೊಳಗೆ ಸತ್ತವು. ಅವುಗಳ ಚರ್ಮ ನೋಟಕ್ಕೆ ಇದ್ದಂತೆಯೇ ಇತ್ತು. ಆದರೆ ಮೈಯ ನೀರೆಲ್ಲ ಅದರ ಮೂಲಕ ಆರಿಹೋಗಿತ್ತು. ಒಂದು ಪ್ರೋಟೀನಿನ ಮೇಲೆ ಜೀವವೆಷ್ಟು ಅವಲಂಬಿಸಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿಯದು.

ಇಷ್ಟು ಹೇಳಿದ ಮೇಲೆ ಬಿಗಿ ಸಂಧಿ ಎಂಬ ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದು ಎಂಬುದನ್ನೂ ಹೇಳಬೇಕು. ಅದು ಎಲ್ಲೆಡೆಯೂ ಸಮನಾಗಿ ಬಿಗಿಯಲ್ಲ. ಮೂತ್ರಕೋಶದಲ್ಲಿ ಅದು ಅತ್ಯಂತ ಬಿಗಿ. ಗಂಟೆಗಟ್ಟಲೆ ನಿಂತ ಮೂತ್ರ ರಕ್ತಕ್ಕೆ ಹಿಂದಿರುಗಬಾರದಷ್ಟೆ. ಸಣ್ಣ ಕರುಳಿನಲ್ಲಿ ಅದು ಸಡಿಲ. ಕ್ಲಾಡಿನ್ನುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆಗಳಿದ್ದು, ಕೆಲವು ಮುಚ್ಚುತ್ತವೆ, ಕೆಲವು ಸೋಡಿಯಂನಂಥ ಸಣ್ಣ ಅಯಾನುಗಳಿಗೆ ಕಿಂಡಿಯಾಗುತ್ತವೆ. ಮೂತ್ರಪಿಂಡದ ಒಂದು ಕ್ಲಾಡಿನ್ ಕೆಟ್ಟರೆ ಮೆಗ್ನೀಸಿಯಂ ದೇಹದಲ್ಲಿ ನಿಲ್ಲದೆ ಮೂತ್ರದಲ್ಲಿ ಹರಿದುಹೋಗುತ್ತದೆಂದು 1999ರಲ್ಲಿ ಗೊತ್ತಾಯಿತು. ಕರುಳಿನ ಎರಡು ಬಗೆಯ ಕ್ಲಾಡಿನ್ನುಗಳನ್ನು ತೆಗೆದ ಇಲಿಮರಿಗಳು ಮೇವಿದ್ದೂ ಪೋಷಣೆಯಿಲ್ಲದೆ ಸತ್ತವೆಂದು 2013ರ ಒಂದು ಅಧ್ಯಯನ ತೋರಿಸಿತು. ಅದಕ್ಕೆ ಕಾರಣವಿದೆ. ಸಕ್ಕರೆಯನ್ನು ಒಳಗೆ ಒಯ್ಯಲು ಸೋಡಿಯಂ ಜೊತೆಗಿರಬೇಕು; ಒಳಹೋದ ಸೋಡಿಯಂ ಕೋಶಗಳ ನಡುವಣ ಕಿಂಡಿಯಿಂದ ಮತ್ತೆ ಕರುಳಿಗೆ ಬಂದು ಇನ್ನಷ್ಟು ಸಕ್ಕರೆಯನ್ನು ಹೊರಬೇಕು. ಕಿಂಡಿ ಮುಚ್ಚಿದರೆ ಹೊರೆಯಾಳೇ ಇಲ್ಲ. ಏರಿಯಲ್ಲಿ ತೂಬು ಇರಲೇಬೇಕೆಂದು ನಾನು ಮೊದಲು ಹೇಳಿದ್ದು ಇದಕ್ಕಾಗಿಯೇ.

ಇನ್ನೊಂದು ವಿಸ್ಮಯವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಈ ಪದರದ ಕೋಶಗಳ ಆಯುಸ್ಸು ಮೂರರಿಂದ ಐದು ದಿನ. ಹಳೆಯವು ಉದುರುತ್ತಲೇ ಇರುತ್ತವೆ, ಹೊಸವು ಕೆಳಗಿನಿಂದ ಏರಿ ಬರುತ್ತಲೇ ಇರುತ್ತವೆ. ಇಷ್ಟೆಲ್ಲ ನಡೆದೂ ಪದರದಲ್ಲಿ ತೂತು ಬೀಳುವುದಿಲ್ಲ. ಸಾಯುವ ಕೋಶ ನೆರೆಯವುಗಳಿಗೆ ಸೂಚನೆ ಕೊಡುತ್ತದೆ. ಸುತ್ತಲಿನವು ಅದರ ಬುಡದಲ್ಲಿ ಚೀಲದ ಬಾಯಿಯ ದಾರ ಎಳೆದಂತೆ ಬಿಗಿದುಕೊಂಡು, ಅದನ್ನು ಮೇಲಕ್ಕೆ ಹಿಂಡಿ ಹೊರಹಾಕಿ, ಅದು ಹೋಗುವ ಮೊದಲೇ ತಮ್ಮೊಳಗೆ ಹೊಸ ಸಂಧಿ ಕಟ್ಟಿಕೊಂಡಿರುತ್ತವೆ.

ಈಗ ವಾಂತಿಭೇದಿಗೆ ಬರೋಣ. ಕಾಲರಾ ಎಂಬ ಹೆಸರಿನಿಂದ ತಾವೆಲ್ಲರೂ ಬಲ್ಲ ಈ ರೋಗದಲ್ಲಿ ಅಕ್ಕಚ್ಚಿನಂಥ ನೀರು ಕರುಳಿನಿಂದ ಹರಿಯುತ್ತದೆ. ತೀವ್ರವಾದಾಗ ಗಂಟೆಗೆ ಒಂದು ಲೀಟರಿನವರೆಗೂ ಹೋಗಬಹುದು. ಬೆಳಗ್ಗೆ ಗಟ್ಟಿಯಾಗಿದ್ದವರು ಸಂಜೆಗೆ ಇಲ್ಲವಾಗುತ್ತಿದ್ದುದು ಹೀಗೆ. ಜರ್ಮನಿಯ ರಾಬರ್ಟ್ ಕಾಕ್ ಕಲ್ಕತ್ತೆಗೆ ಬಂದು 1884ರಲ್ಲಿ ಇದರ ರೋಗಾಣುವನ್ನು ರೋಗಿಗಳಿಂದ ಬೇರ್ಪಡಿಸಿ ತೋರಿಸಿದನು. ಅದು ಯಾವುದೋ ವಿಷವನ್ನು ಸ್ರವಿಸುತ್ತಿರಬೇಕೆಂದೂ ಊಹಿಸಿದನು. ಆದರೆ ವಿಷ ಸಿಕ್ಕಲಿಲ್ಲ. ಸತ್ತವರ ಕರುಳನ್ನು ಪರೀಕ್ಷಿಸಿದವರಿಗೆ ಒಳಪದರ ಚಿಂದಿಯಾಗಿ ಸುಲಿದಿರುವುದು ಕಾಣುತ್ತಿತ್ತು. ಏರಿ ಒಡೆದಿದೆ, ಅದಕ್ಕೇ ನೀರು ಹರಿಯುತ್ತಿದೆ ಎಂದು ವೈದ್ಯಲೋಕ ನಂಬಿತು. ಒಡೆದ ಏರಿಯ ಕೆರೆಗೆ ನೀರು ತುಂಬಿ ಏನು ಪ್ರಯೋಜನ? ಬಾಯಿಯಿಂದ ನೀರು ಕೊಡುವುದು ವ್ಯರ್ಥ, ರಕ್ತನಾಳದ ಮೂಲಕವೇ ಕೊಡಬೇಕು ಎಂಬ ನಿಲುವಿಗೆ ಈ ನಂಬಿಕೆ ಬಲ ಕೊಟ್ಟಿತು.

ಇದನ್ನು ಅಲುಗಿಸಿದವರಲ್ಲಿ ಕಲ್ಕತ್ತೆಯ ಶಂಭುನಾಥ ದೇ ಮೊದಲಿಗರು. ಅವರ ಉಪಕರಣಗಳು ತೀರ ಸರಳ. ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ಅದರೊಳಕ್ಕೆ ರೋಗಾಣುಗಳನ್ನು ಚುಚ್ಚಿದರು. ಮರುದಿನ ಆ ತುಂಡು ನೀರು ತುಂಬಿ ಊದಿಕೊಂಡಿತ್ತು. ಮುಂದೆ 1959ರಲ್ಲಿ ರೋಗಾಣುಗಳನ್ನು ಪೂರ್ತಿಯಾಗಿ ಸೋಸಿ ತೆಗೆದ ತಿಳಿಯನ್ನು ಮಾತ್ರ ಚುಚ್ಚಿದರು. ಆಗಲೂ ಅದೇ ಪರಿಣಾಮ. ಕಾಕ್ ಊಹಿಸಿದ್ದ ವಿಷ 75 ವರ್ಷಗಳ ಬಳಿಕ ಅದೇ ಊರಿನಲ್ಲಿ ಸಿಕ್ಕಿತು. ಇಂಥವರಿಗೆ ನಮ್ಮ ದೇಶದಲ್ಲಿ ಬದುಕಿರುವಾಗ ದೊರೆತ ಮನ್ನಣೆ ಅತ್ಯಲ್ಪವೆಂಬುದನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. 1978ರ ನೊಬೆಲ್ ವಿಚಾರಸಂಕಿರಣಕ್ಕೆ ಹೊರಗಿನವರು ಅವರನ್ನು ಕರೆದರು. ಅವರು 1985ರಲ್ಲಿ ತೀರಿಕೊಂಡ ಮೇಲೆ, 1990ರಲ್ಲಿ, ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆ ಅವರ ಕುರಿತು ವಿಶೇಷ ಸಂಚಿಕೆಯನ್ನು ಹೊರತಂದಿತು.

ಎರಡನೆಯ ಸಾಕ್ಷ್ಯ ಥಾಯ್ಲೆಂಡಿನಿಂದ ಬಂತು. ಯೂಜೀನ್ ಗಂಗರೋಸ ಮತ್ತು ಸಹೋದ್ಯೋಗಿಗಳು ಸತ್ತವರನ್ನು ಬಿಟ್ಟು, ಬದುಕಿರುವ ಕಾಲರಾ ರೋಗಿಗಳ ಕರುಳಿನಿಂದ ಸೂಕ್ಷ್ಮ ಚೂರುಗಳನ್ನು ತೆಗೆದು ನೋಡಿ, ಒಳಪದರ ಅಖಂಡವಾಗಿದೆಯೆಂದು 1960ರಲ್ಲಿ ಪ್ರಕಟಿಸಿದರು. ಹಿಂದಿನವರು ಕಂಡ ಸುಲಿತ ಸಾವಿನ ನಂತರದ್ದು. ಎಂದರೆ ಏರಿ ಒಡೆದಿರಲಿಲ್ಲ. ವಿಷ ಮಾಡುವುದಿಷ್ಟು: ಕೋಶದೊಳಗೆ ನುಸುಳಿ, ಅಲ್ಲಿನ ಒಂದು ಗುಂಡಿಯನ್ನು ಒತ್ತಿಹಿಡಿದು ಬಿಡುತ್ತದೆ. ಕ್ಲೋರೈಡಿನ ಕಿಂಡಿಗಳು ತೆರೆದುಕೊಂಡು ಮುಚ್ಚಲಾರದಂತಾಗುತ್ತವೆ. ಕ್ಲೋರೈಡು ಕರುಳಿಗೆ ಸುರಿಯುತ್ತದೆ. ಅದರ ಸೆಳೆತಕ್ಕೆ ಸೋಡಿಯಂ ಕೋಶಗಳ ನಡುವಣ ಸಡಿಲ ಸಂಧಿಗಳ ಮೂಲಕ ಹೊರಬರುತ್ತದೆ. ಉಪ್ಪು ಹೋದಲ್ಲಿಗೆ ನೀರೂ ಹೋಗುತ್ತದೆ. ತೂಬು ತೆರೆದೇ ಉಳಿದ ಕೆರೆ ಇದು. ಕಾಲರಾ ರೋಗಾಣುವಿನ ಬತ್ತಳಿಕೆಯಲ್ಲಿ ಬಿಗಿ ಸಂಧಿಯನ್ನೇ ಸಡಿಲಿಸಬಲ್ಲ ಬೇರೆ ಅಸ್ತ್ರಗಳೂ ಉಂಟು. ಅಂಥದೊಂದು 1991ರಲ್ಲಿ ವರದಿಯಾಯಿತು. ಆದರೆ ಪ್ರಾಣ ತೆಗೆಯುವ ಮಹಾಪ್ರವಾಹ ಮೊದಲು ಹೇಳಿದ ವಿಷದ್ದೇ.

ಏರಿ ಭದ್ರವಾಗಿದ್ದರೆ, ನೀರನ್ನು ಒಳಗೊಯ್ಯುವ ಬೇರೊಂದು ದಾರಿ ಇನ್ನೂ ಕೆಲಸ ಮಾಡುತ್ತಿರಬಹುದಲ್ಲವೆ? ಇತ್ತು. 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ರಾಬರ್ಟ್ ಕ್ರೇನ್ ಎಂಬ ಜೀವರಸಾಯನ ವಿಜ್ಞಾನಿ ಕರುಳಿನ ಕೋಶ ಗ್ಲೂಕೋಸನ್ನು ಸೋಡಿಯಂನೊಡನೆ ಜೊತೆಯಾಗಿಯೇ ಒಳಗೆ ಸೆಳೆಯುತ್ತದೆಂಬ ವಿಚಾರವನ್ನು ಮಂಡಿಸಿದ್ದರು. ಕಾಲರಾ ವಿಷ ಈ ದಾರಿಯನ್ನು ಮುಟ್ಟುವುದಿಲ್ಲ. ಬರಿಯ ಉಪ್ಪುನೀರು ಕೊಟ್ಟರೆ ಸಾಲದು, ಬರಿಯ ಸಕ್ಕರೆ ನೀರೂ ಸಾಲದು. ಎರಡೂ ಸೇರಿದರೆ ಅವು ಒಳಹೋಗುತ್ತವೆ, ನೀರು ಹಿಂಬಾಲಿಸುತ್ತದೆ. ಈ ಸಿದ್ಧಾಂತಕ್ಕೂ ಮುಂಚೆ, 1953ರಲ್ಲಿಯೇ, ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ ಅವರು 186 ಕಾಲರಾ ರೋಗಿಗಳಿಗೆ ಬಾಯಿಯಿಂದಲೇ ಇಂಥ ದ್ರಾವಣ ಕೊಟ್ಟು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಿದ್ದರು. ಯಾರೂ ಅಷ್ಟಾಗಿ ಗಮನಿಸಲಿಲ್ಲ. 1968ರ ಹೊತ್ತಿಗೆ ಢಾಕಾ ಮತ್ತು ಕಲ್ಕತ್ತೆಯ ಸಂಶೋಧಕರು ಅಳತೆಗಳೊಡನೆ ಇದನ್ನು ಸ್ಥಿರಪಡಿಸಿದರು. ಆದರೂ ಆಸ್ಪತ್ರೆಯ ಹೊರಗೆ, ತರಬೇತಿಯಿಲ್ಲದವರ ಕೈಯಲ್ಲಿ ಇದನ್ನು ಕೊಡಲು ವೈದ್ಯರು ಹಿಂಜರಿಯುತ್ತಿದ್ದರು.

ಆ ಹಿಂಜರಿಕೆ ಮುರಿದದ್ದು 1971ರಲ್ಲಿ. ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಗಡಿಯ ಬೋನಗಾಂವ್‌ನಲ್ಲಿ ಕಿಕ್ಕಿರಿದಿದ್ದರು, ಕಾಲರಾ ಹಬ್ಬಿತ್ತು. ಅಲ್ಲಿಗೆ ಹೋದ ಡಾ. ದಿಲೀಪ್ ಮಹಲನಬೀಸ್ ಆಸ್ಪತ್ರೆಯ ನೆಲದ ಮೇಲೆ ಒತ್ತಾಗಿ ಮಲಗಿದ್ದ ರೋಗಿಗಳ ನಡುವೆ, ವಾಂತಿ ಭೇದಿಗಳ ಮೇಲೆಯೇ ಮಂಡಿಯೂರಿ ಸೂಜಿ ಚುಚ್ಚಬೇಕಾಯಿತು. ಸೂಜಿಯ ಮೂಲಕ ಕೊಡುವ ಲವಣದ್ರಾವಣ ಮುಗಿಯುತ್ತ ಬಂತು. ಆಗ ಅವರು ಲೀಟರಿಗೆ 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡದ ಲೆಕ್ಕದಲ್ಲಿ ಪೊಟ್ಟಣಗಳನ್ನು ಕಟ್ಟಿಸಿ, ಪೀಪಾಯಿಗಳಲ್ಲಿ ಕದಡಿಸಿ, ರೋಗಿಗಳ ತಾಯಂದಿರು, ಅಣ್ಣತಮ್ಮಂದಿರ ಕೈಗೇ ಲೋಟ ಕೊಟ್ಟರು. ಶೇಕಡಾ 30ರ ಸುಮಾರಿನಲ್ಲಿದ್ದ ಸಾವು, ಹೀಗೆ ಉಪಚಾರ ಪಡೆದ ಮೂರು ಸಾವಿರಕ್ಕೂ ಹೆಚ್ಚು ಜನರಲ್ಲಿ ಶೇಕಡಾ 3.6ಕ್ಕೆ ಇಳಿಯಿತು. 1978ರಲ್ಲಿ ‘ಲ್ಯಾನ್ಸೆಟ್’, ಸಕ್ಕರೆಯ ಜೊತೆಗೆ ಲವಣ ಒಳಹೋಗುವ ಈ ತಿಳಿವಳಿಕೆ ಶತಮಾನದ ಅತಿ ಮಹತ್ತ್ವದ ವೈದ್ಯಕೀಯ ಮುನ್ನಡೆಯಾಗಬಹುದೆಂದು ಬರೆಯಿತು. ಮಹಲನಬೀಸ್ 2022ರಲ್ಲಿ ನಿಧನರಾದರು. ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

‘ಸೋರುವ ಕರುಳು’ ಎಂಬ ಮಾತನ್ನು ಇತ್ತೀಚೆಗೆ ಜಾಹೀರಾತುಗಳಲ್ಲಿ ತಾವು ಕಂಡಿರಬಹುದು. ತಲೆನೋವಿನಿಂದ ದಣಿವಿನವರೆಗೆ ಎಲ್ಲಕ್ಕೂ ಅದೇ ಕಾರಣವೆಂದು ಹೇಳಿ ಪುಡಿ, ಗುಳಿಗೆಗಳನ್ನು ಮಾರಲಾಗುತ್ತಿದೆ. ಕರುಳಿನ ಕೆಲವು ದೀರ್ಘಕಾಲದ ಉರಿಯೂತಗಳಲ್ಲಿ ಬಿಗಿ ಸಂಧಿಗಳು ಸಡಿಲವಾಗಿರುವುದು ನಿಜ. ಆದರೆ ಆ ಸಡಿಲಿಕೆ ರೋಗದ ಕಾರಣವೋ ಪರಿಣಾಮವೋ ಎಂಬ ಚರ್ಚೆ ಇನ್ನೂ ನಡೆದಿರುವಾಗ ಪುಡಿ ಕೊಂಡು ತಿನ್ನುವುದಕ್ಕೆ ಆಧಾರ ಸಾಲದು. ಅದೇ ಹಣದಲ್ಲಿ ನಾಲ್ಕು ಪೊಟ್ಟಣ ಓ.ಆರ್.ಎಸ್. ತಂದು ಮನೆಯಲ್ಲಿಟ್ಟುಕೊಳ್ಳುವುದು ಮೇಲು.

ಆ ಪೊಟ್ಟಣದ ವಿಷಯವಾಗಿ ಕೆಲವು ಮಾತು. 2002ರಿಂದ ವಿಶ್ವ ಆರೋಗ್ಯ ಸಂಸ್ಥೆ ಸಕ್ಕರೆ, ಉಪ್ಪುಗಳೆರಡನ್ನೂ ಕಡಿಮೆ ಮಾಡಿದ ಸೂತ್ರವನ್ನು ಶಿಫಾರಸು ಮಾಡಿದೆ: ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸು, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡು, 2.9 ಗ್ರಾಂ ಸಿಟ್ರೇಟು. ಕಡಿಮೆ ಮಾಡಿದ್ದೇಕೆಂಬುದನ್ನು ಈಗ ತಾವೇ ಊಹಿಸಬಲ್ಲಿರಿ. ಸಣ್ಣ ಕರುಳಿನ ಸಂಧಿಗಳು ಸಡಿಲವಾದುದರಿಂದ, ಕರುಳಿನೊಳಗೆ ಸಕ್ಕರೆ ಅತಿಯಾದರೆ ಅದು ರಕ್ತದ ಕಡೆಯಿಂದ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಭೇದಿ ಹೆಚ್ಚುತ್ತದೆ. ಹಣ್ಣಿನ ರಸ, ಸೋಡ, ತಂಪು ಪಾನೀಯಗಳು ಬೇಡವೆನ್ನುವುದು ಈ ಕಾರಣಕ್ಕೆ. ಓ.ಆರ್.ಎಸ್. ಎಂಬ ಅಕ್ಷರಗಳನ್ನು ಹೊತ್ತ ಸಿಹಿ ಪಾನೀಯಗಳು ಅಂಗಡಿಗಳಲ್ಲಿ ಬಹುಕಾಲ ಮಾರಾಟವಾದವು. 2025ರ ಅಕ್ಟೋಬರಿನಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಆಹಾರ ಪಾನೀಯಗಳ ಹೆಸರಿನಲ್ಲಿ ಆ ಪದವನ್ನು ಬಳಸಕೂಡದೆಂದು ಆದೇಶಿಸಿತು. ಕೊಳ್ಳುವಾಗ ಪೊಟ್ಟಣದ ಮೇಲೆ ಮೇಲಿನ ಸೂತ್ರವಿದೆಯೇ ಎಂದು ಓದಿ ನೋಡಿ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಸೋಡಿಯಂ ಕಡಿಮೆ, ಅದೊಂದನ್ನೇ ನಂಬಬಾರದು. ಉಪ್ಪು ಹಾಕಿದ ಗಂಜಿ, ಉಪ್ಪು ಹಾಕಿದ ಮಜ್ಜಿಗೆ ನಮ್ಮ ಮನೆಗಳಲ್ಲಿ ಹಿಂದಿನಿಂದ ಇದ್ದವು. ಗಂಜಿಯ ಪಿಷ್ಟ ಕರುಳಿನಲ್ಲಿ ಗ್ಲೂಕೋಸಾಗಿಯೇ ಒಡೆಯುವುದರಿಂದ ಆ ಪದ್ಧತಿ ಶಾಸ್ತ್ರಸಮ್ಮತವೂ ಹೌದು.

ಪೊಟ್ಟಣ ಸಿಕ್ಕದಿದ್ದಾಗ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಹಾಕಿ ಕದಡಬೇಕು; ಚಮಚ ತಲೆಗಟ್ಟಿರಬಾರದು, ಮಟ್ಟವಾಗಿರಬೇಕು. ಪೊಟ್ಟಣವಾದರೆ ಪೂರ್ತಿಯಾಗಿ, ಅದರ ಮೇಲೆ ಹೇಳಿದಷ್ಟೇ ನೀರಿಗೆ ಹಾಕಿ. ಅರ್ಧ ಪೊಟ್ಟಣವನ್ನು ಒಂದು ಲೋಟಕ್ಕೆ ಅಂದಾಜಿನಿಂದ ಸುರಿಯುವುದು ಅಪಾಯ. ಕದಡಿದ್ದನ್ನು 24 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಿ. ಇದರಿಂದ ಭೇದಿ ಕೂಡಲೇ ನಿಲ್ಲುವುದಿಲ್ಲ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿರಬೇಕು. ನಿಲ್ಲಲಿಲ್ಲವೆಂದು ಕೈಬಿಟ್ಟವರೇ ಬಹಳ. ತೂಬು ತಾನಾಗಿ ಮುಚ್ಚಿಕೊಳ್ಳಲು, ವಿಷ ತಗುಲಿದ ಕೋಶಗಳು ಉದುರಿ ಹೊಸವು ಬರಲು, ಕೆಲವು ದಿನ ಬೇಕು. ಅಷ್ಟರವರೆಗೆ ಕೆರೆ ಬತ್ತದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೆಲಸ. ಐದು ವರ್ಷದೊಳಗಿನ ಮಕ್ಕಳಿಗೆ ಜೊತೆಯಲ್ಲಿ 14 ದಿನ ಸತುವಿನ ಮಾತ್ರೆಯನ್ನೂ ಕೊಡಬೇಕು: ಆರು ತಿಂಗಳಿಗೆ ಮೇಲ್ಪಟ್ಟವರಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳವರಿಗೆ 10 ಮಿಲಿಗ್ರಾಂ. ಸತು ಭೇದಿಯ ಅವಧಿಯನ್ನು ತಗ್ಗಿಸುತ್ತದೆಂದು ತೋರಿಸಿದ ಅಧ್ಯಯನಗಳಲ್ಲೊಂದು ದೆಹಲಿಯ ಮಕ್ಕಳಲ್ಲಿಯೇ ನಡೆದು 1995ರಲ್ಲಿ ಪ್ರಕಟವಾಯಿತು. ಎದೆಹಾಲನ್ನು ನಿಲ್ಲಿಸಕೂಡದು.

ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ನಿಧಾನವಾಗಿ ಕೆಳಗಿಳಿದರೆ, ಮಗು ಮಂಕಾಗಿ ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಆಗ ರಕ್ತನಾಳದ ಮೂಲಕ ದ್ರವ ಬೇಕಾಗಬಹುದು. ದಾರಿಯುದ್ದಕ್ಕೂ ಕುಡಿಸುತ್ತಲೇ ಹೋಗಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್, ದೊಡ್ಡವರಿಗೆ ಬೇಕೆನಿಸಿದಷ್ಟು. ಮಗು ವಾಂತಿ ಮಾಡಿಕೊಂಡರೆ ಹೆದರಬೇಡಿ. ಹತ್ತು ನಿಮಿಷ ಬಿಟ್ಟು, ಲೋಟವನ್ನು ಬದಿಗಿಟ್ಟು, ಚಮಚದಿಂದ ಒಂದೊಂದೇ ಗುಟುಕಾಗಿ ಮತ್ತೆ ಆರಂಭಿಸಿ.